ಅಫೀಮಿನ ಪಾಶವೂ ಆಸ್ಪತ್ರೆಯ ಬಾಗಿಲೂ

ಮಾದಕ ಪದಾರ್ಥಗಳ ಪ್ರಸ್ತಾಪ ಬಂದೊಡನೆ ನಮ್ಮ ಊರುಗಳಲ್ಲಿ ನಡೆಯುವ ಮಾತೆಲ್ಲವೂ ಪೊಲೀಸರ ದಾಳಿ, ಸಿಕ್ಕಿದ ಮಾಲು, ಬಂಧನ, ಜಾಮೀನು ಇವುಗಳ ಸುತ್ತಲೇ ಸುತ್ತುವುದು. ವಿಷವನ್ನು ಮಾರಿ ಹಣ ಮಾಡುವವನಿಗೆ ಶಿಕ್ಷೆಯಾಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಷದ ಪಾಶಕ್ಕೆ ಸಿಕ್ಕಿ, ಬಿಡಬೇಕೆಂದು ಬಯಸಿಯೂ ಬಿಡಲಾರದೆ ನರಳುವವನು ಯಾವ ಬಾಗಿಲಿಗೆ ಹೋಗತಕ್ಕದ್ದು, ಅವನ ತಾಯಿತಂದೆಗಳು ಯಾರನ್ನು ಕೇಳತಕ್ಕದ್ದು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ದಾವಣಗೆರೆ, ಹರಿಹರಗಳ ಮಹಾಜನರ ಮುಂದೆ ಇಂದು ಈ ಪ್ರಶ್ನೆಯನ್ನೇ ಇಡಬಯಸುತ್ತೇವೆ.

ಇದು ದೂರದ ಪಂಜಾಬಿನ ರೋಗ, ನಮ್ಮದಲ್ಲ ಎಂದು ಸಮಾಧಾನಪಟ್ಟುಕೊಳ್ಳುವುದು ವಿವೇಕವಲ್ಲ. ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯು ನಡೆಸಿದ ಸಮೀಕ್ಷೆಯು 2019ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಅಫೀಮು ವರ್ಗದ ಪದಾರ್ಥಗಳನ್ನು ಸೇವಿಸುವವರು ಸುಮಾರು 2.26 ಕೋಟಿ, ಅದರಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 77 ಲಕ್ಷ. ಹೆರಾಯಿನ್ನಿನ ಬಳಕೆದಾರರ ಹಿಂದೆಯೇ ನೋವಿನ ಮಾತ್ರೆ, ಕೆಮ್ಮಿನ ಔಷಧ ಮೊದಲಾದವುಗಳಿಗೆ ದಾಸರಾದವರ ಸಂಖ್ಯೆ ಬರುತ್ತದೆ. ನೋವು ಶಮನಕ್ಕೆಂದು ವೈದ್ಯರು ಬರೆದುಕೊಡುವ ಟ್ರಮಡಾಲ್ ಎಂಬ ಮಾತ್ರೆಯನ್ನು 2018ರಲ್ಲಿ ಮಾದಕ ದ್ರವ್ಯ ಕಾಯಿದೆಯ ವ್ಯಾಪ್ತಿಗೆ ತರಬೇಕಾಯಿತೆಂದ ಮೇಲೆ, ಈ ವ್ಯಸನವು ಕತ್ತಲ ಸಂದಿಗಳಿಂದ ಮಾತ್ರವಲ್ಲ, ಔಷಧದ ಅಂಗಡಿಯ ಹಾದಿಯಿಂದಲೂ ಮನೆ ಹೊಗುವುದೆಂಬುದು ಸ್ಪಷ್ಟ.

ಅಫೀಮು ನಮ್ಮ ದೇಶಕ್ಕೆ ಹೊಸತಲ್ಲ. ಈಸ್ಟ್ ಇಂಡಿಯಾ ಕಂಪನಿಯು ಅದರ ಏಕಸ್ವಾಮ್ಯದಿಂದ ಬೊಕ್ಕಸ ತುಂಬಿಕೊಂಡಿತು. 1893ರಲ್ಲಿ ನೇಮಕವಾದ ರಾಯಲ್ ಕಮಿಷನ್ನು ಅದರ ನಿಷೇಧ ಅನಾವಶ್ಯಕವೆಂದು ವರದಿ ಮಾಡಿತು. ಸ್ವತಂತ್ರ ಭಾರತವಾದರೋ 1949ರಲ್ಲಿ, ವೈದ್ಯಕ್ಕೂ ವಿಜ್ಞಾನಕ್ಕೂ ಹೊರತಾದ ಅಫೀಮಿನ ಬಳಕೆಯನ್ನು ಹತ್ತು ವರ್ಷಗಳೊಳಗೆ ಕ್ರಮಕ್ರಮವಾಗಿ ನಿಲ್ಲಿಸಲು ನಿರ್ಧರಿಸಿತು. ದೇಶಕ್ಕೇ ಹತ್ತು ವರ್ಷ ಬೇಕೆಂದು ಅಂದಿನ ಹಿರಿಯರು ತಿಳಿದಿರಲು, ಒಬ್ಬ ದುರ್ಬಲ ಮನುಷ್ಯನು ಹತ್ತು ದಿನದಲ್ಲಿ ಶುದ್ಧನಾಗಬೇಕೆಂದು ನಾವು ಬಯಸುವುದು ನ್ಯಾಯವೇ?

ಇಲ್ಲಿಯೇ ಜನರ ಮುಖ್ಯ ತಪ್ಪುಕಲ್ಪನೆ ಇರುವುದು. ವ್ಯಸನಿಯು ಹಟ ಹಿಡಿದರೆ ಸಾಕು, ಒಂದು ವಾರ ಕೋಣೆಯಲ್ಲಿ ಕೂಡಿಹಾಕಿದರೆ ಗುಣವಾದಂತೆ ಎಂದು ಎಣಿಸುವರು. ಅಫೀಮು ತಪ್ಪಿದಾಗ ಮೈಕೈ ನೋವು, ಬೇಧಿ, ಮೂಗು ಕಣ್ಣುಗಳಲ್ಲಿ ನೀರು, ನಿದ್ರಾನಾಶ ಇವು ಕೆಲವು ದಿನ ಕಾಡಿ ಇಳಿಯುವುದು ನಿಜ. ಆದರೆ ಆಸೆ ಇಳಿಯುವುದಿಲ್ಲ. ಅಷ್ಟು ದಿನ ಬಿಟ್ಟುದರಿಂದ ದೇಹಕ್ಕೆ ಹಿಂದಿನ ತಾಳಿಕೆಯೂ ಉಳಿದಿರುವುದಿಲ್ಲ. ಹೊರಗೆ ಬಂದವನು ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ಕುಂದಿ ಪ್ರಾಣವೇ ಹೋಗಬಹುದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರಿಗೂ ಸೆರೆಮನೆಯಿಂದ ಹೊರಬಂದವರಿಗೂ ಮೊದಲ ವಾರಗಳು ಅತಿ ಅಪಾಯಕರವೆಂದು ವೈದ್ಯರು ಎಚ್ಚರಿಸುವುದು ಇದಕ್ಕಾಗಿಯೇ. ಒಬ್ಬನು ಎಬ್ಬಿಸಿದರೆ ಏಳದೆ, ನಿಧಾನವಾಗಿ ಗೊರಗೊರ ಉಸಿರಾಡುತ್ತ, ತುಟಿ ನೀಲಿಗಟ್ಟಿದ್ದರೆ, ನಿದ್ರೆಯೆಂದು ಬಿಡದೆ ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು. ಆ ವಿಷವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧವಿದೆ.

ಮದ್ಯವರ್ಜನ ಶಿಬಿರಗಳು ನಮ್ಮ ಜನರಿಗೆ ಪರಿಚಿತವಾಗಿವೆ. ಅವುಗಳಿಂದ ಅನೇಕ ಸಂಸಾರಗಳು ಉಳಿದಿವೆ. ಆದರೆ ಅಫೀಮಿನ ವ್ಯಸನಕ್ಕೆ ಶಿಬಿರವೊಂದೇ ಸಾಲದು. ಬ್ಯುಪ್ರೆನಾರ್ಫಿನ್, ಮೆಥಡೋನ್ ಎಂಬ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ತಿಂಗಳುಗಟ್ಟಲೆ, ಅಗತ್ಯವಿದ್ದರೆ ವರ್ಷಗಟ್ಟಲೆ ಕೊಡುವುದು ಇಂದಿನ ಸ್ಥಿರವಾದ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆಯು ಇವೆರಡನ್ನೂ 2005ರಲ್ಲಿ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇವು ಆಸೆಯನ್ನು ಅಡಗಿಸಿ ಮನುಷ್ಯನನ್ನು ದುಡಿಮೆಗೆ ಹಿಂದಿರುಗಿಸುತ್ತವೆ. ಮರಣವನ್ನು ಗಣನೀಯವಾಗಿ ತಗ್ಗಿಸುತ್ತವೆ. “ಒಂದು ಅಮಲಿಗೆ ಬದಲಾಗಿ ಇನ್ನೊಂದು ಅಮಲು” ಎಂದು ಆಕ್ಷೇಪಿಸುವವರುಂಟು. ಸಕ್ಕರೆ ರೋಗದವನು ದಿನವೂ ಇನ್ಸುಲಿನ್ ಚುಚ್ಚಿಕೊಂಡರೆ ಅವನನ್ನು ಯಾರೂ ಔಷಧದ ದಾಸನೆನ್ನುವುದಿಲ್ಲ.

ಹಾಗಾದರೆ ಹೋಗುವುದೆಲ್ಲಿಗೆ? ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ; 1965ರಲ್ಲಿ ಆರಂಭವಾದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಬಾಪೂಜಿ ಆಸ್ಪತ್ರೆಯೂ ಇವೆ. ಮೊದಲು ಮಾನಸಿಕ ಆರೋಗ್ಯ ವಿಭಾಗದ ವೈದ್ಯರನ್ನು ಕಾಣತಕ್ಕದ್ದು. ಹರಿಹರದವರಿಗೆ ಇದು ಬಸ್ಸಿನ ಅಲ್ಪ ಪ್ರಯಾಣ, ಅಲ್ಲದೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರನ್ನು ಕಳುಹಿಸುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರ್ಕಾರ ರೂಪಿಸಿದೆ, ಅದನ್ನು ವಿಚಾರಿಸಿಕೊಳ್ಳಬಹುದು. ಜಿಲ್ಲೆಯ ಮಟ್ಟದಲ್ಲಿಯೇ ಮನೋರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ದೇಶಕ್ಕೆ ತೋರಿಸಿಕೊಟ್ಟುದು ನಮ್ಮ ನೆರೆಯ ಬಳ್ಳಾರಿಯೇ ಎಂಬುದನ್ನು ಮರೆಯಬಾರದು. ಕಠಿಣ ಪ್ರಸಂಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಮನೆಯಿಂದ ಹೊರಡಲು ನಾಚುವವರು ವ್ಯಸನಮುಕ್ತಿಗಾಗಿ 14446, ಮನಸ್ಸಿನ ಸಂಕಟಗಳಿಗಾಗಿ 14416 ಎಂಬ ಸಂಖ್ಯೆಗಳಿಗೆ ಖರ್ಚಿಲ್ಲದೆ ಕರೆ ಮಾಡಬಹುದು.

ಕಾನೂನಿನ ಭಯವೇ ಅನೇಕರನ್ನು ತಡೆಯುತ್ತಿದೆ. 1985ರ ಮಾದಕ ದ್ರವ್ಯ ಕಾಯಿದೆಯ 64ಎ ಕಲಮು ಬೇರೆಯದನ್ನೇ ಹೇಳುತ್ತದೆ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಯುಳ್ಳ ವ್ಯಸನಿಯು ತಾನಾಗಿ ಮುಂದೆ ಬಂದು, ಸರ್ಕಾರದ ಅಥವಾ ಅದರ ಮಾನ್ಯತೆಯುಳ್ಳ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಉಂಟು. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಹಾಗೂ ಮಾದಕಗಳ ದುರ್ಬಳಕೆಯಿಂದ ಬರುವ ಮನೋವಿಕಾರಗಳನ್ನೂ ತನ್ನ ರಕ್ಷಣೆಯೊಳಗೆ ತಂದು, ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ. ಆದುದರಿಂದ ಮಗನನ್ನು ಯಾವುದಾದರೂ ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದಕ್ಕೆ ನೋಂದಣಿ ಇದೆಯೇ, ವೈದ್ಯರು ಬರುವರೇ, ಬಿಡುಗಡೆಯಾದ ಮೇಲೆ ಔಷಧವೂ ಸಲಹೆಯೂ ಮುಂದುವರಿಯುವುವೇ ಎಂದು ಕೇಳುವುದು ತಂದೆಯ ಹಕ್ಕು. ಹೊಡೆತವನ್ನೇ ಚಿಕಿತ್ಸೆಯೆನ್ನುವ ಸ್ಥಳದಿಂದ ಹಿಂದಿರುಗುವುದೇ ಲೇಸು.

ವೈದ್ಯನ ಕೆಲಸ ಮುಗಿದಲ್ಲಿ ಊರಿನ ಕೆಲಸ ಮೊದಲಾಗುವುದು. ಗುಣಮುಖನಾದವನಿಗೆ ಉದ್ಯೋಗ ಬೇಕು, ಹಳೆಯ ಸಂಗ ತಪ್ಪಬೇಕು, ಒಮ್ಮೆ ಜಾರಿದರೆ ಮತ್ತೆ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವವರು ಬೇಕು. ಜಾರುವುದು ಈ ರೋಗದ ಸ್ವಭಾವ, ಅದು ದ್ರೋಹವಲ್ಲ. ಅಂಗಡಿಯ ಯಜಮಾನರೂ ಕಾರ್ಖಾನೆಯ ಮುಖ್ಯಸ್ಥರೂ ಇಂಥವನಿಗೆ ಬಾಗಿಲು ತೆರೆದರೆ ಅದು ಯಾವ ಭಾಷಣಕ್ಕಿಂತಲೂ ಹೆಚ್ಚಿನ ಸೇವೆ.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ವ್ಯಸನಿಗಳಿಗೆ ಯಾವ ವಾರ, ಯಾವ ಹೊತ್ತಿನಲ್ಲಿ, ಯಾವ ಕೋಣೆಯಲ್ಲಿ ವೈದ್ಯರು ಸಿಕ್ಕುವರೆಂಬ ಫಲಕವು ದಾವಣಗೆರೆ, ಹರಿಹರಗಳ ಸರ್ಕಾರಿ ಆಸ್ಪತ್ರೆಗಳ ಮುಂದೆ ಕನ್ನಡದಲ್ಲಿ ತೂಗಲಿ. ಬೇಕಾದ ಔಷಧವು ನಡುವೆ ನಿಲ್ಲದಂತೆ ಸರಬರಾಜಾಗಲಿ. ಠಾಣೆಗೆ ಬಂದ ವ್ಯಸನಿಗೆ 64ಎ ಕಲಮನ್ನು ಪೊಲೀಸರೇ ತಿಳಿಸಲಿ. ಇವಕ್ಕೆ ಹೊಸ ಶಾಸನ ಬೇಕಾಗಿಲ್ಲ. ಇರುವ ಶಾಸನವನ್ನು ನಡೆಸುವ ಮನಸ್ಸು ಬೇಕಾಗಿದೆ.