ಖಾಲಿ ಕಾಡತೂಸು ಹಿಡಿಯುವ ಚೀಲ: ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಅಮೆರಿಕದಲ್ಲಿ ಅರೆ-ಸ್ವಯಂಚಾಲಿತ ರೈಫಲ್ ಹಿಡಿದು ಗುರಿ ಅಭ್ಯಾಸ ಮಾಡುವವರಲ್ಲಿ ಅನೇಕರು ಖಾಲಿ ಕಾಡತೂಸನ್ನು ಕಸವೆಂದು ಬಿಡುವುದಿಲ್ಲ. ಶೇ. 70 ತಾಮ್ರ, ಶೇ. 30 ಸತುವಿನಿಂದ ಕೂಡಿದ ಈ ಹಿತ್ತಾಳೆಯ ಕವಚಕ್ಕೆ ಹೊಸ ಪ್ರೈಮರ್, ಮದ್ದು ಹಾಗೂ ಗುಂಡು ತುಂಬಿ ಹಲವು ಬಾರಿ ಬಳಸಬಹುದು. ಹುಲ್ಲಿನಲ್ಲಿ ಕಳೆದುಹೋದ ಪ್ರತಿ ಕವಚವೂ ನಷ್ಟವೇ. 'ಬ್ರಾಸ್ ಕ್ಯಾಚರ್' ಎಂಬ ಚೀಲಕ್ಕೆ ಬೇಡಿಕೆ ಬಂದಿರುವುದು ಇದರಿಂದಲೇ.

ಕೊಳ್ಳುವವರು ಮೊದಲು ಚೀಲದ ಗಾತ್ರ ನೋಡುತ್ತಾರೆ, ನೋಡಬೇಕಾದದ್ದು ಚೌಕಟ್ಟನ್ನು. ಎಆರ್-15 ಮಾದರಿಯಲ್ಲಿ ಕವಚವು ಬಲಬದಿಯ ಕಿಂಡಿಯಿಂದ ರಭಸವಾಗಿ ಸಿಡಿಯುತ್ತದೆ. ಬಲೆ ಕಿಂಡಿಗೆ ತೀರ ಸಮೀಪವಿದ್ದರೆ ಅಥವಾ ಒಳಕ್ಕೆ ಕುಸಿದಿದ್ದರೆ, ಕವಚ ಪುಟಿದು ಮರಳಿ ಬೋಲ್ಟಿಗೆ ಸಿಕ್ಕಿಕೊಂಡು ರೈಫಲ್ ಸ್ಥಗಿತಗೊಳ್ಳಬಹುದು. ಆದ್ದರಿಂದ ಗಟ್ಟಿ ತಂತಿಯ ಚೌಕಟ್ಟು ಬಲೆಯನ್ನು ದೂರದಲ್ಲಿ ಬಿಡಿಸಿ ಹಿಡಿದಿರಬೇಕು. ಹೊಲಿಗೆ ಘಟಕಕ್ಕೆ ಸುಲಭವೆನಿಸುವ ವಸ್ತುವಿದು. ಅಳತೆ ಮಾತ್ರ ರೈಫಲಿನದು. ಎಂ1 ಗರಾಂಡ್ ರೈಫಲಿಗೆ ಎಆರ್-15ರ ಚೀಲ ಹೊಂದುವುದಿಲ್ಲ.

ಕವಚ ಬಿಸಿಯಾಗಿಯೇ ಬೀಳುವುದರಿಂದ ಅಗ್ಗದ ನೈಲಾನ್ ಬಲೆ ಕರಗಿ ತೂತಾಗುವ ಸಂಭವವಿದೆ. ಶಾಖ ತಾಳುವ ಬಲೆಗೆ ತುಸು ಹೆಚ್ಚು ಬೆಲೆ ತೆರುವುದೇ ಲೇಸು. ತಳದಲ್ಲಿ ಜಿಪ್ ಇದ್ದರೆ ಚೀಲ ಬಿಚ್ಚದೆಯೇ ಬರಿದು ಮಾಡಬಹುದು.

ವೆಲ್ಕ್ರೋ ಪಟ್ಟಿಯ ಜೋಡಣೆ ಅಗ್ಗ, ಆದರೆ ಸರಿಯುತ್ತದೆ. ರೈಲಿಗೆ ಕಚ್ಚುವ ಹಿಡಿಕೆ ಭದ್ರವಾದರೂ ದೂರದರ್ಶಕಕ್ಕೆ ಬೇಕಾದ ಜಾಗವನ್ನು ಕಬಳಿಸಬಹುದು. ಮೇಜಿನ ಮೇಲಿಟ್ಟು ಗುಂಡು ಹಾರಿಸುವವರಿಗೆ, ರೈಫಲನ್ನು ಮುಟ್ಟದೆ ಪಕ್ಕದಲ್ಲಿ ನಿಲ್ಲುವ ಸ್ಟ್ಯಾಂಡಿನ ಬಲೆಯೇ ಅನುಕೂಲ. ಉಕ್ಕಿನ ಕವಚವನ್ನು ಸಾಮಾನ್ಯವಾಗಿ ಯಾರೂ ಮರುಭರ್ತಿ ಮಾಡುವುದಿಲ್ಲ. ಅದನ್ನು ಬಳಸುವವರಿಗೆ ಈ ಚೀಲದಿಂದಾಗುವ ಲಾಭ ನೆಲ ಗುಡಿಸುವ ಶ್ರಮ ತಪ್ಪುವುದಷ್ಟೇ.