ಬೇಳೆ ಬೇಯದ ನೀರಿನಲ್ಲಿ ಗಡ್ಡದ ಕ್ಷೌರ

ಸೇಫ್ಟಿ ರೇಜರ್ ಮೂರು ತುಂಡಿನ ಸಲಕರಣೆ: ಮೇಲೊಂದು ಟೋಪಿ, ಕೆಳಗೊಂದು ತಟ್ಟೆ, ತಿರುಚಿ ಬಿಗಿಯುವ ಹಿಡಿ. ಟೋಪಿ ಮತ್ತು ತಟ್ಟೆಯ ನಡುವೆ ಕೂರುವ ಬ್ಲೇಡು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನಷ್ಟು ತೆಳು. ಹಿಡಿ ಬಿಗಿಯುತ್ತ ಹೋದಂತೆ ಅದು ಟೋಪಿಯ ಒಳಮೈಗೆ ಒತ್ತಿಕೊಂಡು ಬಾಗುತ್ತದೆ. ಬಾಗಿದ್ದರಿಂದಲೇ ಅಲುಗದೆ ನಿಲ್ಲುತ್ತದೆ. ಎರಡೂ ಬದಿಯಲ್ಲಿ ಹರಿತವಾದ ಅಂಚು ಒಂದಿಷ್ಟೇ ಹೊರಗೆ ಇಣುಕುತ್ತದೆ. ತಟ್ಟೆಯ ಅಂಚು ಮುಂದೆ ಮುಂದೆ ಚರ್ಮವನ್ನು ಸಮ ಮಾಡುತ್ತ ಸಾಗುವುದರಿಂದ ಬ್ಲೇಡು ಆಳಕ್ಕಿಳಿಯುವುದಿಲ್ಲ. ಸಲಕರಣೆ ಕೊಡುವ ರಕ್ಷಣೆ ಇಷ್ಟೇ. ಮಿಕ್ಕದ್ದೆಲ್ಲ ನೀರು, ನೊರೆ ಮತ್ತು ಕೈಯ ಹದಕ್ಕೆ ಬಿಟ್ಟದ್ದು. ಚಿತ್ರದುರ್ಗದ ಸೀಮೆಯಲ್ಲಿ ಈ ಮೂರರಲ್ಲಿ ಮೊದಲು ಕೈಕೊಡುವುದು ನೀರು.

ಪ್ಯಾರಿಸಿನಲ್ಲಿ ಕತ್ತಿ ತಯಾರಿಸುತ್ತಿದ್ದ ಜಾನ್ ಜಾಕ್ ಪೆರೆ ಎಂಬಾತ ಗಡ್ಡವನ್ನು ತಾನೇ ತೆಗೆದುಕೊಳ್ಳುವ ವಿದ್ಯೆಯ ಬಗ್ಗೆ 1769ರಲ್ಲೇ ಪುಸ್ತಕ ಬರೆದಿದ್ದ. ಕ್ಷೌರದ ಕತ್ತಿಗೆ ಮರದ ತಡೆ ಜೋಡಿಸುವ ಉಪಾಯವೂ ಅವನದೇ. ಬಳಸಿ ಎಸೆಯುವ ತೆಳು ಬ್ಲೇಡಿನ ಕಲ್ಪನೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ನದು. ಅಷ್ಟು ತೆಳು ಉಕ್ಕಿಗೆ ಹದವನ್ನೂ ಹರಿತವನ್ನೂ ಕೊಡುವ ಯಂತ್ರ ರೂಪಿಸಿದವನು ವಿಲಿಯಂ ನಿಕರ್‌ಸನ್. 1903ರಲ್ಲಿ ಅವರ ಕಂಪನಿ ಮಾರಿದ್ದು 51 ರೇಜರ್, 168 ಬ್ಲೇಡು. ಮರುವರ್ಷ ಪೇಟೆಂಟ್ ಸಿಕ್ಕಿತು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರ ಕೈಗೆ ಲಕ್ಷಗಟ್ಟಲೆ ರೇಜರ್ ಹೋಯಿತು. ನಮ್ಮ ಕಿರಾಣಿ ಅಂಗಡಿಗಳಲ್ಲಿ ಸೆವೆನ್ ಓ ಕ್ಲಾಕ್, ಟೋಪಾಜ್ ಹೆಸರುಗಳು ಎಷ್ಟು ಬೇರೂರಿದವೆಂದರೆ ಆ ಬ್ಲೇಡು ಗಡ್ಡಕ್ಕಿಂತ ಉಗುರು ಕತ್ತರಿಸಲು, ಪೆನ್ಸಿಲ್ ಹೆರೆಯಲು, ಟೈಲರ್ ಅಂಗಡಿಯಲ್ಲಿ ಹೊಲಿಗೆ ಬಿಚ್ಚಲು ಹೆಚ್ಚು ಬಳಕೆಯಾಗಿದ್ದರೂ ಆಶ್ಚರ್ಯವಿಲ್ಲ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಹಳ್ಳಿಗಳಲ್ಲಿ ಮುಖಕ್ಷೌರ ಬಹುಕಾಲ ಸ್ವಂತ ಕೈಯ ಕೆಲಸವಾಗಿರಲಿಲ್ಲ. ಕ್ಷೌರಿಕ ಊರ ಆಯಗಾರರಲ್ಲೊಬ್ಬ. ವರ್ಷವಿಡೀ ಮನೆಮನೆಯ ತಲೆ, ಗಡ್ಡ ನೋಡಿಕೊಂಡು ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಗಿ, ಜೋಳದ ಆಯ ಒಯ್ಯುತ್ತಿದ್ದ. ಮದುವೆ, ಜಾತ್ರೆಗಳಲ್ಲಿ ಓಲಗ ಊದುತ್ತಿದ್ದವರೂ ಎಷ್ಟೋ ಊರುಗಳಲ್ಲಿ ಇವರೇ. ಈಗ ಸವಿತಾ ಸಮಾಜದ, ಹಡಪದ ಸಮಾಜದ ಕುಟುಂಬಗಳು ಪೇಟೆ ಬೀದಿಗಳಲ್ಲಿ ಕಟಿಂಗ್ ಶಾಪ್ ನಡೆಸುತ್ತವೆ, ಮಂಗಳವಾರ ರಜೆ. ಸಾಣೆ ಹಿಡಿದು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದ ಹಳೆಯ ಕತ್ತಿಯ ಜಾಗಕ್ಕೆ ಬ್ಲೇಡು ಸಿಕ್ಕಿಸುವ ಉಸ್ತ್ರಾ ಬಂದಿದೆ. ಏಡ್ಸ್ ಜಾಗೃತಿ ಹಬ್ಬಿದ ಮೇಲಂತೂ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಎಂಬುದು ರೂಢಿಯಾಯಿತು. ಅಂಗಡಿಯವರು ಬ್ಲೇಡನ್ನು ಕಾಗದದ ಹೊದಿಕೆ ಬಿಚ್ಚದೆ ಉದ್ದಕ್ಕೆ ಮಡಿಸುತ್ತಾರೆ, ಅದು ಟಕ್ಕೆಂದು ನಡುವೆ ಮುರಿಯುತ್ತದೆ. ಅರ್ಧ ಈ ಗಿರಾಕಿಗೆ, ಉಳಿದರ್ಧ ಮುಂದಿನವನಿಗೆ. ಮನೆಯಲ್ಲಿ ರೇಜರ್ ಹಿಡಿಯುವವನು ಕಲಿಯಬೇಕಾದ ಬಹುಪಾಲನ್ನು ಆ ಕುರ್ಚಿಯಲ್ಲಿ ಕುಳಿತೇ ಕಲಿಯಬಹುದು. ಅಲ್ಲಿ ಬ್ಲೇಡು ಓಡುವ ಹೊತ್ತಿಗಿಂತ ಬ್ರಷ್ ತಿರುಗುವ ಹೊತ್ತೇ ಹೆಚ್ಚು.

ಗಡ್ಡದ ಕೂದಲು ಒಣಗಿದ್ದಾಗ ಬಲು ಗಡುಸು. ಎರಡು ಮೂರು ನಿಮಿಷ ಬೆಚ್ಚನೆಯ ನೀರಿನಲ್ಲಿ ನೆನೆದರೆ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಗಣನೀಯವಾಗಿ ಇಳಿಯುತ್ತದೆ. ಸ್ನಾನದ ನಂತರದ ಕ್ಷೌರ ಸುಲಭವೆನಿಸುವುದು ಇದೇ ಕಾರಣಕ್ಕೆ. ಕ್ಷೌರ ಮುಗಿಸಿಯೇ ಸ್ನಾನ ಎಂಬ ಮಡಿಯ ಮನೆಗಳಲ್ಲಿ ಬಿಸಿನೀರಿನಲ್ಲಿ ಹಿಂಡಿದ ಪಂಚೆಯ ತುಂಡನ್ನು ಕೆನ್ನೆ, ಗದ್ದಕ್ಕೆ ಒತ್ತಿ ಹಿಡಿದರೂ ಆಗುತ್ತದೆ. ಮುಖಕ್ಕೆ ಒಮ್ಮೆ ನೀರು ಚಿಮುಕಿಸಿ ಕೂಡಲೇ ಬ್ಲೇಡು ಎಳೆಯುವುದು ಮಾತ್ರ ಗಾಯಕ್ಕೆ ಆಹ್ವಾನ.

ನೀರಿನ ಗುಣದ ಪ್ರಶ್ನೆ ಬರುವುದು ಇಲ್ಲಿ. ಚಿತ್ರದುರ್ಗ ಜಿಲ್ಲೆ ಮಳೆನೆರಳಿನ ಸೀಮೆ. ಬಹಳಷ್ಟು ಹಳ್ಳಿಗಳು ನಂಬಿರುವುದು ನೂರಾರು ಅಡಿ ಆಳದ ಕೊಳವೆಬಾವಿಯನ್ನು. ಬಂಡೆಯ ಸಂದಿಯಲ್ಲಿ ನಿಂತ ಆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು. ಪ್ರಯೋಗಾಲಯಕ್ಕೆ ಕಳಿಸದೆಯೂ ಹೆಂಗಸರು ಇದನ್ನು ಅಡುಗೆಮನೆಯಲ್ಲೇ ಹೇಳಬಲ್ಲರು: ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಬೇಯುವುದಿಲ್ಲ. ಬೇಳೆ ಬೇಯದ ನೀರಿನಲ್ಲಿ ನೊರೆಯೂ ನಿಲ್ಲುವುದಿಲ್ಲ. ಸಾಬೂನಿನ ಕೊಬ್ಬಿನಾಮ್ಲ ಈ ಲವಣಗಳೊಡನೆ ಕೂಡಿ ಕರಗದ ಬಿಳಿ ಗಸಿಯಾಗುತ್ತದೆ. ಬಚ್ಚಲಿನ ಬಕೆಟ್ಟಿಗೆ ಅಂಟುವ ಜಿಡ್ಡು ಇದೇ. ಲವಣವೆಲ್ಲ ಹೀಗೆ ತೀರಿದ ನಂತರವೇ ಉಳಿದ ಸಾಬೂನು ನೊರೆಯಾಗುವುದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಜಿಲ್ಲೆಯ ನೀರಿಗೆ ಕುಖ್ಯಾತಿ ತಂದ ಫ್ಲೋರೈಡ್ ಬೇರೆಯದೇ ಕಥೆ. ಅದು ಹಲ್ಲು, ಮೂಳೆಗೆ ಕೆಟ್ಟದ್ದೇ ಹೊರತು ನೊರೆಗೆ ಅಡ್ಡಿಯಲ್ಲ.

ಪರಿಹಾರ ದುಬಾರಿಯಲ್ಲ, ಏಕೆಂದರೆ ಒಂದು ಕ್ಷೌರಕ್ಕೆ ಬೇಕಾದ್ದು ಒಂದು ಚೊಂಬು ನೀರು. ವೇದಾವತಿಗೆ ಮಾರಿಕಣಿವೆಯಲ್ಲಿ ಅಡ್ಡಗಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ನಲ್ಲಿ ನೀರು ಬರುವ ಕಡೆ ಅದನ್ನೇ ಬಳಸಬಹುದು. ಮಳೆ ಕೂಡಿ ಆದ ಜಲಾಶಯದ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೆದು. 1933ರ ನಂತರ 2022ರಲ್ಲಿ ಆ ಅಣೆಕಟ್ಟೆ ಮತ್ತೆ ಕೋಡಿ ಹರಿದಾಗ ಹಿರಿಯೂರಿನವರು ಬಾಗಿನ ಅರ್ಪಿಸಿದ್ದು ಹೊಲ, ತೋಟಗಳ ನೆನಪಿನಲ್ಲಿ. ಬಚ್ಚಲಿಗೂ ಅದರಿಂದ ಲಾಭವಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ನಲ್ಲಿ ಇಲ್ಲದೆಡೆ ಕಾಯಿನ್ ಹಾಕಿ ಕ್ಯಾನ್ ತುಂಬಿಕೊಳ್ಳುವ ಶುದ್ಧ ನೀರಿನ ಘಟಕದಿಂದ ತಂದದ್ದರಲ್ಲಿ ಒಂದು ಚೊಂಬು ಎತ್ತಿಟ್ಟರೆ ಸಾಕು. ಅದೂ ಇಲ್ಲವೆಂದರೆ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಮೇಲಿನ ತಿಳಿಯನ್ನು ಬಳಸಬೇಕು. ಬೈಕಾರ್ಬನೇಟ್ ರೂಪದ ಲವಣ ಹಂಡೆಯ ತಳಕ್ಕೆ ಬಿಳಿ ಪರೆಯಾಗಿ ಕೂರುತ್ತದೆ, ಗಡಸುತನದ ಒಂದು ಪಾಲು ಹೀಗೆ ಕಳೆಯುತ್ತದೆ. ಪಟಿಕ ಆಡಿಸಿದರೆ ನೀರು ಮೆದುವಾಗುತ್ತದೆ ಎಂಬ ನಂಬಿಕೆ ಕೆಲವರದು. ಪಟಿಕ ಕೆಸರನ್ನು ತಳಕ್ಕಿಳಿಸುತ್ತದೆ, ಕರಗಿದ ಸುಣ್ಣವನ್ನಲ್ಲ.

ನೊರೆ ಕಟ್ಟುವುದರಲ್ಲಿ ಸಾಮಾನ್ಯ ತಪ್ಪು ಆತುರ. ಬ್ರಷ್ಷನ್ನು ನೀರಿನಲ್ಲಿ ನೆನೆಸಿ, ಹೆಚ್ಚಿನ ನೀರು ಕೊಡವಿ, ಸಾಬೂನಿನ ಮೇಲೆ ಅರ್ಧ ನಿಮಿಷವಾದರೂ ತಿರುಗಿಸಬೇಕು; ಕ್ರೀಮಾದರೆ ಕಡಲೆಕಾಳಿನಷ್ಟು ಸಾಕು. ಆಮೇಲೆ ಕೆನ್ನೆಯ ಮೇಲೆ ಸುತ್ತುತ್ತ ಹನಿಹನಿಯಾಗಿ ನೀರು ಸೇರಿಸುತ್ತ ಹೋಗಬೇಕು. ಹದ ಬಂದ ನೊರೆಯಲ್ಲಿ ಕಣ್ಣಿಗೆ ಕಾಣುವ ಗುಳ್ಳೆ ಇರುವುದಿಲ್ಲ. ಕಡೆದು ಆಗತಾನೇ ತೆಗೆದ ಬೆಣ್ಣೆಯಂತೆ ಹೊಳಪಿದ್ದು, ಬ್ರಷ್ ಎತ್ತಿದಾಗ ತುದಿ ಬಾಗಿ ನಿಲ್ಲುತ್ತದೆ. ದೊಡ್ಡ ಗುಳ್ಳೆಗಳ ನೊರೆ ನೋಡಲು ಸಮೃದ್ಧ, ಬ್ಲೇಡಿಗೆ ಮಾತ್ರ ಜಾರಿಕೆ ಕೊಡದು. ಡಬ್ಬಿಯ ಫೋಮ್ ಬಗ್ಗೆಯೂ ಇದೇ ಮಾತು. ಗಡಸು ನೀರೇ ಗತಿಯಾದರೆ ಸಾಬೂನನ್ನು ಹೆಚ್ಚು ಹಾಕಬೇಕು, ಬೇರೆ ದಾರಿಯಿಲ್ಲ. ಹೊಸದುರ್ಗದ ಕಡೆ ತೆಂಗು ಹೇರಳವಾದ್ದರಿಂದ ಮೊದಲು ಕೊಬ್ಬರಿಎಣ್ಣೆ ಸವರಿಕೊಳ್ಳುವವರುಂಟು. ಒಣ ಚರ್ಮಕ್ಕೆ ಎರಡು ಹನಿ ಹಿತ. ಅಂಗೈ ತುಂಬ ಸುರಿದುಕೊಂಡರೆ ನೊರೆ ಅಲ್ಲೇ ಸಾಯುತ್ತದೆ.

ಬ್ಲೇಡು ಎತ್ತುವ ಮೊದಲು ಕೂದಲು ಯಾವ ಕಡೆ ಮಲಗಿದೆ ಎಂದು ತಿಳಿಯಬೇಕು. ಎರಡು ದಿನ ಬೆಳೆದ ಗಡ್ಡದ ಮೇಲೆ ಬೆರಳಾಡಿಸಿದರೆ ನುಣುಪಾಗಿ ಸಾಗುವ ದಿಕ್ಕು ಒಂದು, ತಡೆಯುವ ದಿಕ್ಕು ಇನ್ನೊಂದು. ಕೆನ್ನೆಯಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ. ಕತ್ತಿನಲ್ಲಿ ಹಾಗಲ್ಲ: ಕೆಲವರಿಗೆ ಕೆಳಗಿನಿಂದ ಮೇಲಕ್ಕೆ, ಕೆಲವರಿಗೆ ಅಡ್ಡಡ್ಡ, ದವಡೆಯ ಮೂಲೆಯಲ್ಲಿ ಒಮ್ಮೊಮ್ಮೆ ಸುಳಿಯೂ ಇರುತ್ತದೆ. ಕತ್ತಿನ ಮೇಲೇ ಗುಳ್ಳೆ, ಉರಿ ಹೆಚ್ಚಾಗುವುದು ಈ ನಕ್ಷೆ ತಿಳಿಯದೆ ಎಲ್ಲವನ್ನೂ ಮೇಲಿನಿಂದ ಕೆಳಕ್ಕೆ ಎಳೆಯುವುದರಿಂದ.

ರೇಜರನ್ನು ಹಿಡಿಯ ತುದಿಯಲ್ಲಿ, ಮೂರು ಬೆರಳಲ್ಲಿ ಹಗುರವಾಗಿ ಹಿಡಿಯಬೇಕು. ಟೋಪಿಯ ಅಂಚನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತ ಬಂದರೆ ಒಂದು ಹಂತದಲ್ಲಿ ಬ್ಲೇಡು ಕೂದಲಿಗೆ ತಾಗುವುದು ತಿಳಿಯುತ್ತದೆ. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿರುವ ಆ ನಿಲುವನ್ನು ಗದ್ದದ ತಿರುವಿನಲ್ಲೂ ಕಾಯ್ದುಕೊಳ್ಳುವುದೇ ಇಡೀ ಕಸುಬು. ಕೂದಲು ಕತ್ತರಿಸುವ ಸದ್ದನ್ನು ಕಿವಿಯಿಂದಲೂ ಹಿಡಿಯಬಹುದು. ಕೋನ ತಪ್ಪಿದೊಡನೆ ಸದ್ದು ಅಡಗುತ್ತದೆ. ಒತ್ತಡ ಬೇಡ. ಲೋಹದ ರೇಜರಿನ ಸ್ವಂತ ತೂಕ ಆ ಕೆಲಸಕ್ಕೆ ಸಾಲುತ್ತದೆ. ಎರಡು ಮೂರು ಬ್ಲೇಡಿನ ಪ್ಲಾಸ್ಟಿಕ್ ರೇಜರಿನಿಂದ ಇತ್ತ ಬಂದವರು ರಕ್ತ ಬರಿಸಿಕೊಳ್ಳುವುದು ಬಹುತೇಕ ಒತ್ತುವ ಹಳೆಯ ಅಭ್ಯಾಸದಿಂದಲೇ. ಎಳೆತ ಗಿಡ್ಡವಾಗಿರಲಿ, ಒಂದು ಅಂಗುಲ ಸಾಕು.

ಎಡಗೈಗೂ ಕೆಲಸವಿದೆ. ಕಟಿಂಗ್ ಶಾಪಿನಲ್ಲಿ ಕ್ಷೌರಿಕನ ಎಡಗೈ ಹೆಬ್ಬೆರಳು ಕಿವಿಯ ಮುಂದೆ ಚರ್ಮವನ್ನು ಮೇಲಕ್ಕೆ ಬಿಗಿಯುತ್ತದೆ, ಬಲಗೈ ಕೆಳಮುಖ ಸಾಗುತ್ತದೆ. ದವಡೆಯ ಎಲುಬಿನ ಬಳಿ ಬಂದಾಗ ಅವನು ಎಲುಬಿನ ಮೇಲಿನ ಚರ್ಮವನ್ನು ಕೆನ್ನೆಯತ್ತ ಎಳೆದು, ಸಮತಟ್ಟಾದ ಜಾಗದಲ್ಲಿ ಕತ್ತರಿಸಿ ಬಿಡುತ್ತಾನೆ. ಎಲುಬಿನ ಮೇಲೆ ಅವನ ಬ್ಲೇಡು ಓಡುವುದೇ ಇಲ್ಲ. ಮೇಲ್ದುಟಿಗೆ ಮೂಗಿನ ತುದಿ ಎತ್ತುವುದು, ಗಂಟಲಮಣಿಗೆ ಗುಟುಕು ನುಂಗಿ ಚರ್ಮವನ್ನು ಪಕ್ಕಕ್ಕೆ ಸರಿಸುವುದು ಇದೇ ಜಾತಿಯ ಉಪಾಯಗಳು.

ಮೊದಲ ಸುತ್ತು ಕೂದಲು ಮಲಗಿದ ದಿಕ್ಕಿಗೆ. ಮತ್ತೆ ನೊರೆ ಹಚ್ಚಿ ಎರಡನೆಯ ಸುತ್ತು ಅಡ್ಡಕ್ಕೆ. ದಿನನಿತ್ಯದ ಮಟ್ಟಿಗೆ ಇಷ್ಟರಲ್ಲೇ ಕೈಬಿಡುವುದು ಜಾಣತನ. ಎದುರುದಿಕ್ಕಿನ ಮೂರನೆಯ ಸುತ್ತು, ಅಂಗಡಿಯವರ ಮಾತಿನ ‘ಉಲ್ಟಾ’, ಕೆನ್ನೆಯನ್ನು ಗಾಜಿನಂತೆ ನುಣುಪು ಮಾಡುತ್ತದೆ ನಿಜ. ಗುಂಗುರು ಕೂದಲಿನವರಿಗೆ ಮಾತ್ರ ತುದಿ ಚರ್ಮದೊಳಕ್ಕೇ ಬಾಗಿ ಬೆಳೆದು ಗುಳ್ಳೆಯೇಳುತ್ತದೆ. ಜನವರಿಯಲ್ಲಿ ಅಯ್ಯಪ್ಪ ಮಾಲೆ ತೆಗೆದವರ ಮಂಡಲದ ಗಡ್ಡಕ್ಕೆ ಈ ಲೆಕ್ಕ ಯಾವುದೂ ಅನ್ವಯಿಸದು. ಅದನ್ನು ಮೊದಲು ಕತ್ತರಿಯಿಂದ ಬುಡದವರೆಗೆ ಕತ್ತರಿಸಿಕೊಳ್ಳಬೇಕು, ಇಲ್ಲವಾದರೆ ರೇಜರ್ ಎರಡೇ ಎಳೆತಕ್ಕೆ ಕಟ್ಟಿಕೊಳ್ಳುತ್ತದೆ.

ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಬ್ಲೇಡನ್ನು ಮೊಂಡು ಮಾಡುವುದು ಹೇಗೆ? ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ಇದನ್ನು ನೋಡಿದರು. ಅಂಚು ಬರೀ ಸವೆಯುವುದಿಲ್ಲ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ರಚನೆ ಏಕರೂಪವಾಗಿಲ್ಲದ ಕಡೆ ಅಂಚಿನಿಂದ ಚೂರು ಹಾರುತ್ತದೆ. ಹಾಗಾಗಿ ನಾಲ್ಕೈದು ಕ್ಷೌರವಾದ ಮೇಲೆ ಬ್ಲೇಡು ಎಳೆಯತೊಡಗಿದರೆ ಬದಲಿಸುವುದೇ ಸರಿ. ಎರಡು ಮೂರು ರೂಪಾಯಿಯ ವಸ್ತುವಿನ ಮೇಲೆ ಜಿಪುಣತನಕ್ಕೆ ಅರ್ಥವಿಲ್ಲ. ಬಳಸಿದ ಮೇಲೆ ರೇಜರನ್ನು ನೀರಿನಲ್ಲಿ ಅಲುಗಿಸಿ ತೊಳೆದು ಕೊಡವಿಟ್ಟರಾಯಿತು, ಬಟ್ಟೆಯಿಂದ ಅಂಚು ಒರೆಸಬಾರದು. ತಲೆಭಾಗದಲ್ಲಿ ಕೂರುವ ಸುಣ್ಣದ ಪರೆಗೆ ವಾರಕ್ಕೊಮ್ಮೆ ನಿಂಬೆರಸ ಹಚ್ಚಿ ತೊಳೆದರೆ ಸಾಕು.

ಕ್ಷೌರ ಮುಗಿದ ಮೇಲೆ ಮುಖಕ್ಕೆ ತಣ್ಣೀರು, ನಂತರ ಒದ್ದೆ ಚರ್ಮದ ಮೇಲೆ ಪಟಿಕದ ಕಲ್ಲು. ಎಲ್ಲಿ ಒತ್ತಿದ್ದಾಯಿತು, ಎಲ್ಲಿ ಕೋನ ತಪ್ಪಿತು ಎಂಬುದು ಪಟಿಕ ಚುರುಗುಟ್ಟಿಸುವ ಜಾಗದಲ್ಲೇ ಗೊತ್ತಾಗುತ್ತದೆ. ಕಲಿಯುವವನಿಗೆ ಇದಕ್ಕಿಂತ ನಿಷ್ಠುರ ಗುರು ಇಲ್ಲ. ಅರೆನಿಮಿಷ ಬಿಟ್ಟು ತೊಳೆಯಬೇಕು. ಜೋಗಿಮಟ್ಟಿಯ ಕಡೆಯ ಗಾಳಿಗೆ ಮೈಯೊಡ್ಡುವ ಊರುಗಳಲ್ಲಿ, ಅದರಲ್ಲೂ ಮಾಗಿಯಲ್ಲಿ, ಮೇಲೆ ತೆಳ್ಳಗೆ ಎಣ್ಣೆಯೋ ಕ್ರೀಮೋ ಬೇಕೇಬೇಕು. ಸ್ಪಿರಿಟ್ಟಿನ ಲೋಷನ್ ಒಣಗಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ.

ಹಳೆಯ ಬ್ಲೇಡನ್ನು ಕಸದ ಬುಟ್ಟಿಗೆ ಹಾಗೆಯೇ ಹಾಕಿದರೆ ಕೊಯ್ಯುವುದು ಪೌರಕಾರ್ಮಿಕರ ಕೈಯನ್ನು, ಚರಂಡಿಗೆ ಎಸೆದರೆ ಬರಿಗಾಲಲ್ಲಿ ಇಳಿಯುವವರ ಪಾದವನ್ನು, ತಿಪ್ಪೆಗೆ ಹಾಕಿದರೆ ದನದ ಬಾಯನ್ನು. ಮುಚ್ಚಳವಿರುವ ತಗಡಿನ ಡಬ್ಬಿಗೆ ಬ್ಲೇಡು ತೂರುವಷ್ಟು ಸೀಳು ಕೊಯ್ದು ಬಚ್ಚಲ ಗೂಡಿನಲ್ಲಿಟ್ಟರೆ ಒಂದು ಮನೆಯ ಎಷ್ಟೋ ವರ್ಷಗಳ ಬ್ಲೇಡು ಅದರಲ್ಲಿ ಹಿಡಿಸುತ್ತದೆ. ತುಂಬಿದ ಮೇಲೆ ಸೀಳನ್ನು ಬಡಿದು ಮುಚ್ಚಿ, ಒಳಗಿರುವುದು ಬ್ಲೇಡು ಎಂದು ಮೇಲೆ ಬರೆದು, ಹಸಿಕಸಕ್ಕೆ ಬೆರೆಸದೆ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು.