ಕೊಯ್ಲಿಗೆ ಮುನ್ನದ ಕೃತಜ್ಞತೆ

ಚಿಂತೆಗೆ ಒಂದು ಸ್ವಭಾವವಿದೆ: ನಾಳಿನ ಕಷ್ಟವನ್ನು ಅದು ಇಂದೇ ಉಣಬಡಿಸುತ್ತದೆ. ಇದಕ್ಕೆ ಕ್ರೈಸ್ತಶ್ರದ್ಧೆ ಹೇಳುವ ಮದ್ದನ್ನು ನಾನು ಮೊದಲು ಕಂಡದ್ದು ಬಂಟ್ವಾಳದ ಗದ್ದೆಯೊಂದರ ಬದುವಿನಲ್ಲಿ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಇಗರ್ಜಿಗಳಲ್ಲಿ ಸೆಪ್ಟೆಂಬರ್ 8, ಮೇರಿಮಾತೆಯ ಜನ್ಮದಿನ, ಮೊಂತಿ ಹಬ್ಬ. ಅದಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಹೂ ಅರ್ಪಿಸುತ್ತಾರೆ. ಹಬ್ಬದಂದು ಪಾದ್ರಿಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಹಂಚುತ್ತಾರೆ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಿಂದ ಈ ಹೆಸರು ಬಂದಿತೆಂದು ಪ್ರತೀತಿ. 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದ ಕೆನರಾದ ಕ್ರೈಸ್ತರಲ್ಲಿ ಬದುಕುಳಿದ ಅನೇಕರು 1799ರ ಬಳಿಕ ಊರಿಗೆ ಮರಳಿ ಮತ್ತೆ ಉತ್ತು ಬಿತ್ತಿದರು. ನಾಳೆಯ ಭಯವನ್ನು ಚೆನ್ನಾಗಿ ಬಲ್ಲ ಜನರ ಹಬ್ಬವಿದು.

ಒಂದು ವರ್ಷ ಮಳೆ ಬಿಡಲೇ ಇಲ್ಲ. ಏಣಿಲು ಪೈರು ನೀರಿನಲ್ಲಿ ನಿಂತಿತ್ತು. "ಬೆಳೆ ಮನೆ ಸೇರುವ ಮುನ್ನವೇ ಹಬ್ಬವೇ?" ಎಂದು ವೃದ್ಧ ರೈತರೊಬ್ಬರನ್ನು ಕೇಳಿದೆ.

"ಕಣಜ ತುಂಬಿದ ಮೇಲೆ ಸಲ್ಲಿಸುವುದು ಲೆಕ್ಕ, ಮಾಸ್ಟ್ರೇ. ಈಗ ಸಲ್ಲಿಸುವುದು ನಂಬಿಕೆ" ಎಂದರು. ಅಷ್ಟು ಹೇಳಿ, ಹಾರೆ ಹಿಡಿದು, ಗದ್ದೆಯ ನೀರು ಬಿಡಿಸಲು ಹೋದರು.

ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಪತ್ರ ಬರೆದ ಸಂತ ಪೌಲನ ಮಾತಿನ ತಿರುಳೂ ಇದೇ: ಬೇಡುವಾಗಲೇ ಕೃತಜ್ಞತೆಯನ್ನೂ ಸಲ್ಲಿಸಬೇಕು. ಬೇಡಿದ್ದೆಲ್ಲ ದೊರೆಯುವುದೆಂದು ಅವನು ಅಲ್ಲಿ ಹೇಳುವುದಿಲ್ಲ. ಹೃದಯವನ್ನು ಕಾಯುವ ಶಾಂತಿಯೊಂದು ದೊರೆಯುವುದೆನ್ನುತ್ತಾನೆ. ಇದು ಕೈಕಟ್ಟಿ ಕುಳಿತವನ ಶಾಂತಿಯಲ್ಲವೆಂಬುದನ್ನು ಆ ಹಾರೆ ನನಗೆ ತಿಳಿಸಿತು.

ಆ ವರ್ಷ ಅವರ ಪೈರಿನಲ್ಲಿ ಅರ್ಧ ಕೊಳೆತುಹೋಯಿತು. ಮರುವರ್ಷ ಸೆಪ್ಟೆಂಬರ್ 8ರಂದು ಅವರ ಕೈಯಲ್ಲಿ ಮತ್ತೆ ತೆನೆಯಿತ್ತು.